ಕಾಬೂಲಿನ ಶುಕ್ರವಾರಗಳು

ಹೊರದೇಶದ ಪ್ರಾಜೆಕ್ಟಿಗೆ ಹೊರಟವರು ನನ್ನನ್ನು ಕೇಳುವುದು ಮೂರೇ ಮಾತು. ಸಂಬಳ ಎಷ್ಟು ಬರುತ್ತೆ, ಎಷ್ಟು ತಿಂಗಳಿಗೊಮ್ಮೆ ಊರಿಗೆ ಬಿಡ್ತಾರೆ, ಭಯ ಆಗಲ್ವಾ. ಈಚೆಗೆ ಇರಾಕಿಗೆ ಹೊರಟ ಹುಡುಗನೊಬ್ಬ ಮಾತ್ರ, "ಸಾರ್, ರಜೆ ದಿನ ಅಲ್ಲಿ ಏನ್ ಮಾಡ್ತಾರೆ?" ಅಂದ. ಪಕ್ಕದಲ್ಲಿದ್ದವರು ನಕ್ಕರು. ನನಗೆ ಮಾತ್ರ ಇವನು ಅಲ್ಲಿ ಬಾಳಿಕೆ ಬರುತ್ತಾನೆ ಅನ್ನಿಸಿತು. ಕೆಲಸದ ದಿನ ಹೇಗೋ ಕಳೆದುಹೋಗುತ್ತದೆ. ಬೆಳಗ್ಗೆ ಗಾಡಿ ಹತ್ತಿದರೆ ಸಂಜೆ ಇಳಿಯುವ ತನಕ ಕೇಬಲ್ ಬಂತಾ, ಪರ್ಮಿಟ್ ಸಿಕ್ಕಿತಾ, ಟೆಸ್ಟ್ ಕಿಟ್ ಚಾರ್ಜ್ ಆಗಿದೆಯಾ ಅನ್ನುವುದರಲ್ಲೇ ತಲೆ ಮುಳುಗಿರುತ್ತದೆ, ಹೆದರಲು ಪುರಸೊತ್ತಿಲ್ಲ. ಜನ ರಾಜೀನಾಮೆ ಬರೆಯುವುದು ರಜೆಯ ದಿನ, ಮಧ್ಯಾಹ್ನ ಊಟ ಮುಗಿದು ಸಂಜೆ ಆಗುವುದರೊಳಗೆ.

ನಾನು ಕಾಬೂಲಿನಲ್ಲಿದ್ದದ್ದು 2011ರಿಂದ 2014ರವರೆಗೆ. ಸಬ್‌ಸ್ಟೇಷನ್‌ಗಳಲ್ಲಿ ರಿಲೇ ಟೆಸ್ಟಿಂಗ್, ಪ್ಯಾನೆಲ್ ಕಮಿಷನಿಂಗ್ ನನ್ನ ಕೆಲಸ, ಅಂದರೆ ಲೈನನ್ನು ಕಾಯುವ ಉಪಕರಣ ಪರೀಕ್ಷಿಸಿ, ಹೊಸ ಪ್ಯಾನೆಲ್ ಚಾಲೂ ಮಾಡಿಕೊಡುವುದು. ಉಜ್ಬೇಕಿಸ್ತಾನದಿಂದ ಬರುವ ಕರೆಂಟನ್ನು ಪುಲ್-ಎ-ಖುಮ್ರಿಯಿಂದ ಸಾಲಂಗ್ ಬೆಟ್ಟಸಾಲು ದಾಟಿಸಿ ಕಾಬೂಲಿಗೆ ಮುಟ್ಟಿಸುವ 220 ಕೆವಿ ಲೈನನ್ನು ಕಟ್ಟಿಕೊಟ್ಟದ್ದು ಭಾರತ. 202 ಕಿಲೋಮೀಟರ್ ಉದ್ದ, 2009ರಲ್ಲಿ ಚಾಲೂ ಆಯಿತು. ಅದಕ್ಕೆ ಮುಂಚೆ ಆ ಊರಿನ ಬಹಳಷ್ಟು ಮನೆಗಳಿಗೆ ಕರೆಂಟು ದಿನಕ್ಕೆ ಕೆಲವೇ ಗಂಟೆ. ನಾನು ಹೋಗುವ ಹೊತ್ತಿಗೆ ಬಂದ ಕರೆಂಟನ್ನು ಊರೊಳಗೆ ಹಂಚುವ ಕೆಲಸ ನಡೆದಿತ್ತು. ಆ ಕೆಲಸದಲ್ಲಿ ಒಂದು ಸಣ್ಣ ಗುತ್ತಿಗೆ ಕಂಪನಿಯ ಪರವಾಗಿ ನಾವು ಹತ್ತಿಪ್ಪತ್ತು ಜನ. ಕನ್ನಡದವರು ಇಬ್ಬರು: ತಿಪಟೂರು ಕಡೆಯ ನಾನು, ಕಲಬುರಗಿ ಕಡೆಯ ಒಬ್ಬ ಫೋರ್‌ಮನ್.

ಆಗ ಅಲ್ಲಿ ವಾರ ಶುರುವಾಗುತ್ತಿದ್ದದ್ದು ಶನಿವಾರ. ಗುರುವಾರ ಮಧ್ಯಾಹ್ನಕ್ಕೆ ಸರ್ಕಾರಿ ಕಚೇರಿಗಳು ಬಾಗಿಲು ಹಾಕುತ್ತಿದ್ದವು. ಶುಕ್ರವಾರ ಪೂರ್ತಿ ರಜೆ. ಊರಿಗೂ ರಜೆ, ನಮಗೂ ರಜೆ. ಇದು ಗೊತ್ತಿರುವುದು ನಮಗಷ್ಟೇ ಅಲ್ಲ ಅನ್ನುವುದೇ ತೊಂದರೆ. 2010ರ ಫೆಬ್ರವರಿ 26ರಂದು ಶಹರ್-ಎ-ನೌ ಬಡಾವಣೆಯಲ್ಲಿ ಭಾರತೀಯರು ತಂಗಿದ್ದ ಗೆಸ್ಟ್‌ಹೌಸುಗಳ ಮೇಲೆ ದಾಳಿಯಾಯಿತು. ಅದು ಶುಕ್ರವಾರ, ಬೆಳಗಿನ ನಿದ್ದೆಯ ಹೊತ್ತು. 2011ರ ಜನವರಿ 28ರಂದು ವಜೀರ್ ಅಕ್ಬರ್ ಖಾನ್ ಬಡಾವಣೆಯಲ್ಲಿ ವಿದೇಶಿಯರು ಸಾಮಾನು ಕೊಳ್ಳಲು ಹೋಗುತ್ತಿದ್ದ ಸೂಪರ್‌ಮಾರ್ಕೆಟ್ಟಿನಲ್ಲಿ ಬಾಂಬ್ ಸಿಡಿಯಿತು. ಅದೂ ಶುಕ್ರವಾರ. 2012ರ ಜೂನ್ 21ರ ರಾತ್ರಿ ಊರಾಚೆ ಕಾರ್ಘಾ ಕೆರೆಯ ದಂಡೆಯ ಹೋಟೆಲಿಗೆ ಬಂದೂಕುಧಾರಿಗಳು ನುಗ್ಗಿ, ಮನೆಮಂದಿಯೊಂದಿಗೆ ಊಟಕ್ಕೆ ಬಂದಿದ್ದ ಕಾಬೂಲಿನ ಜನರನ್ನೇ ಬೆಳಗಿನವರೆಗೆ ಒತ್ತೆ ಇಟ್ಟುಕೊಂಡರು. ಅದು ಗುರುವಾರ ರಾತ್ರಿ, ಅಂದರೆ ನಮ್ಮ ಲೆಕ್ಕದಲ್ಲಿ ಶನಿವಾರ ರಾತ್ರಿ ಇದ್ದ ಹಾಗೆ. ಜನ ಮೈಮರೆಯುವ ಹೊತ್ತು ಯಾವುದು, ಹೊರಗಿನವರು ಎಲ್ಲಿ ಸೇರುತ್ತಾರೆ ಅಂತ ನೋಡಿ ಆರಿಸಿಕೊಂಡ ದಿನಗಳು ಇವು.

ನಮ್ಮ ಸೆಕ್ಯುರಿಟಿ ಆಫೀಸರ್ ನೇಪಾಳದವರು, ಗೂರ್ಖಾ ರೆಜಿಮೆಂಟಿನಿಂದ ನಿವೃತ್ತರಾದವರು. ಮಾತು ಕಡಿಮೆ. ಹೋದ ಮೊದಲ ವಾರವೇ ಅವರು ಹೇಳಿದ್ದು, ಹೊರಗೆ ನಿಮಗೆ ಅಭ್ಯಾಸ ಅನ್ನುವುದು ಇರಕೂಡದು ಅಂತ. ಒಂದೇ ದಾರಿ, ಒಂದೇ ಹೊತ್ತು, ಒಂದೇ ಅಂಗಡಿ ಕೂಡದು. ಹೋದ ಶುಕ್ರವಾರ ಹೋದ ಜಾಗಕ್ಕೆ ಈ ಶುಕ್ರವಾರ ಇಲ್ಲ. ಇದು ಸರಿಯೇ. ಆದರೆ ಮನಸ್ಸು ಬೇಡುವುದು ಇದಕ್ಕೆ ಪೂರಾ ಉಲ್ಟಾ. ಗಾಬರಿಯ ಊರಿನಲ್ಲಿ ಇಂಥ ಹೊತ್ತಿಗೆ ಇಂಥದ್ದು ಆಗೇ ಆಗುತ್ತದೆ ಅನ್ನುವ ಭರವಸೆ ಯಾವುದಾದರೂ ಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಹಾಗಾಗಿ ನಾನು ಒಂದು ಒಪ್ಪಂದ ಮಾಡಿಕೊಂಡೆ. ಗೇಟಿನ ಆಚೆ ಯಾವುದಕ್ಕೂ ವೇಳಾಪಟ್ಟಿ ಇಲ್ಲ. ಗೇಟಿನ ಒಳಗೆ ವೇಳಾಪಟ್ಟಿ ತಪ್ಪುವ ಹಾಗಿಲ್ಲ.

ಗೇಟಿನ ಒಳಗೆ ಅಂದರೆ ಏನು ಅಂತ ಹೇಳಬೇಕು. ಬೀದಿಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದ ಟಿ-ವಾಲ್‌ಗಳು: ಆಳೆತ್ತರದ ಎರಡರಷ್ಟಿರುವ ಕಾಂಕ್ರೀಟ್ ಹಲಗೆ, ಬುಡ ಅಗಲ. ಅದರ ಒಳಗೆ ಮಣ್ಣು ತುಂಬಿದ, ಹೆಸ್ಕೋ ಅನ್ನುವ ತಂತಿಬಲೆಯ ಬುಟ್ಟಿಗಳ ಗೋಡೆ, ಮೇಲೆ ಸುರುಳಿ ಮುಳ್ಳುತಂತಿ. ಎರಡು ಗೇಟು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯುವುದು. ಒಳಗೆ ಎರಡಂತಸ್ತಿನ ಹಳೆಯ ಮನೆ, ಅಂಗಳದಲ್ಲಿ ಎರಡು ಏಪ್ರಿಕಾಟ್ ಮರ, ಜನರೇಟರ್ ಶೆಡ್ಡು, ನೆಲಮಾಳಿಗೆಯಲ್ಲಿ ಸೇಫ್ ರೂಮು. ಕಿಟಕಿ ಗಾಜಿಗೆಲ್ಲ ಫಿಲ್ಮ್ ಅಂಟಿಸಿರುತ್ತದೆ, ಸ್ಫೋಟಕ್ಕೆ ಗಾಜು ಚೂರಾಗಿ ಹಾರದಿರಲಿ ಅಂತ. ಬೀದಿ ಕಡೆಯ ರೂಮು ದೊಡ್ಡದು, ಬಿಸಿಲು ಚೆನ್ನಾಗಿ ಬರುವುದು. ನಾನು ಕೇಳಿ ತೆಗೆದುಕೊಂಡದ್ದು ಹಿಂಬದಿಯ ಸಣ್ಣ ರೂಮನ್ನು. ಹಾಸಿಗೆ ಕಿಟಕಿಯ ಎದುರಿಗಿಲ್ಲ, ಒಳಗೋಡೆಗೆ ಒತ್ತಿ. ಇದೊಂದು ವಿಷಯದಲ್ಲಿ ಸಂಕೋಚ ಪಡಬಾರದು, ಹೋದ ದಿನವೇ ಕೇಳಿಬಿಡಬೇಕು.

ಶುಕ್ರವಾರ ಐದೂವರೆಗೆ ಏಳುತ್ತಿದ್ದೆ, ಕೆಲಸದ ದಿನದ ಹಾಗೇ. ತಡವಾಗಿ ಏಳುವುದು ರಜೆಯ ಸುಖ ಅಂತ ಮೊದಮೊದಲು ಎಲ್ಲರಿಗೂ ಅನ್ನಿಸುತ್ತದೆ. ಹತ್ತಕ್ಕೆ ಎದ್ದವನಿಗೆ ರಾತ್ರಿ ನಿದ್ದೆ ಬರದು, ರಾತ್ರಿ ನಿದ್ದೆ ಬರದವನು ಹೆಲಿಕಾಪ್ಟರ್ ಎಣಿಸುತ್ತಾ ಬಿದ್ದಿರುತ್ತಾನೆ. ಚಳಿಗಾಲದಲ್ಲಿ ಮೊದಲ ಕೆಲಸ ಬುಖಾರಿ ಹೊತ್ತಿಸುವುದು. ಬುಖಾರಿ ಅಂದರೆ ತಗಡಿನ ಒಲೆ, ಹೊಗೆ ಕೊಳವೆ ಗೋಡೆಯಾಚೆ ಹೋಗಿರುತ್ತದೆ. ನಮ್ಮದು ಡೀಸೆಲ್ಲಿನದು, ತೊಟ್ಟು ತೊಟ್ಟಾಗಿ ಬೀಳುವ ಹಾಗೆ ನಲ್ಲಿ ಹದ ಮಾಡಬೇಕು, ಜಾಸ್ತಿಯಾದರೆ ಗುಡುಗುತ್ತದೆ, ಕಮ್ಮಿಯಾದರೆ ಕಮಟು ಹೊಗೆ. ಆಮೇಲೆ ಅಂಗಳದಲ್ಲಿ ನಡಿಗೆ. ಗೋಡೆಯ ಉದ್ದಕ್ಕೂ ಒಂದು ಸುತ್ತು ನೂರೈವತ್ತು ಹೆಜ್ಜೆಯೂ ಇಲ್ಲ. ಅಲ್ಲೇ ಸುತ್ತುವುದು. ಗಾರ್ಡುಗಳಿಗೆ ಮೊದಲು ಇದು ತಮಾಷೆ ಆಗಿತ್ತು. ಆಮೇಲೆ ಅವರಲ್ಲೊಬ್ಬ ಬಂದೂಕು ಇನ್ನೊಬ್ಬನ ಕೈಗೆ ಕೊಟ್ಟು ನನ್ನ ಜೊತೆ ಸುತ್ತಲು ಶುರು ಮಾಡಿದ. ಸ್ನಾನ, ಗಡ್ಡ, ಇಸ್ತ್ರಿ ಮಾಡಿದ ಅಂಗಿ. ರಜೆ ದಿನ ಇಸ್ತ್ರಿ ಅಂಗಿ ಯಾಕೆ ಅಂತ ಫೋರ್‌ಮನ್ ಕಿಚಾಯಿಸುತ್ತಿದ್ದರು. ಬನಿಯನ್ ಮೇಲೇ ಇಡೀ ದಿನ ಕಳೆದವರ ಮುಖ ಸಂಜೆ ಹೊತ್ತಿಗೆ ಹೇಗಾಗುತ್ತಿತ್ತು ಅಂತ ಅವರಿಗೇ ತೋರಿಸಿದೆ, ಮುಂದಿನ ವಾರದಿಂದ ಅವರೂ ಅಂಗಿ ಹಾಕಿದರು.

ಎಲ್ಲ ಶುಕ್ರವಾರವೂ ನಮ್ಮ ಕೈಗೆ ಸಿಗುತ್ತಿತ್ತು ಅಂತಲ್ಲ. ಕಚೇರಿ, ಕಾರ್ಖಾನೆ ಮುಚ್ಚಿರುವ ದಿನ ಲೋಡ್ ಕಮ್ಮಿ. ಫೀಡರ್ ಶಟ್‌ಡೌನ್, ಅಂದರೆ ಕೆಲಸಕ್ಕಾಗಿ ಲೈನ್ ಬಂದ್ ಮಾಡಲು ಒಪ್ಪಿಗೆ, ಸಿಗುವುದು ಅವತ್ತೇ. ಹಾಗಾದಾಗ ಬೆಳಗ್ಗೆ ಹೋಗಿ ಕೆಲಸ ಮುಗಿಸಿ ಜುಮ್ಮಾ ನಮಾಜಿನ ಜನ ಬೀದಿಗೆ ಬರುವ ಮುಂಚೆ ವಾಪಸ್ ಆಗುತ್ತಿದ್ದೆವು. ಅದರ ಬದಲಿಗೆ ಬೇರೆ ದಿನ ಕೊಡುತ್ತೇವೆ ಅಂತ ಕಂಪನಿ ಹೇಳುತ್ತಿತ್ತು. ಕೊಟ್ಟಾಗ ಕೊಟ್ಟರು.

ಸಿಕ್ಕ ಶುಕ್ರವಾರದ ನಡುಗಂಬ ಅಡುಗೆ. ವಾರದ ಆರು ದಿನ ಮೆಸ್ಸಿನಲ್ಲಿ ಕಾಬೂಲಿನ ಅಡುಗೆಯವರೊಬ್ಬರ ಕೈ ಊಟ: ನಾನ್, ಪಲಾವ್, ರಾಜ್ಮಾ, ಆಲೂಗಡ್ಡೆ, ಮೊಸರು. ಅವರ ಕಾಬೂಲಿ ಪಲಾವಿನ ಮೇಲೆ ಕ್ಯಾರೆಟ್ ಎಳೆ, ಒಣದ್ರಾಕ್ಷಿ ಹಾಸಿರುತ್ತಿದ್ದ ಅಂದ ಇವತ್ತಿಗೂ ಕಣ್ಣಲ್ಲಿದೆ. ಆದರೂ ಮುದ್ದೆ ತಿನ್ನುವ ನಾಲಿಗೆಗೆ ವಾರಕ್ಕೊಂದು ಹೊತ್ತು ತನ್ನದು ಬೇಕು. ಶುಕ್ರವಾರ ಅಡುಗೆಯವರಿಗೆ ರಜೆ, ಅಡುಗೆಮನೆ ನಮ್ಮದು.

ಮೊದಲ ಪಾಠ ಬೇಳೆ ಕಲಿಸಿತು. ಕಾಬೂಲು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನೀರು ಅಲ್ಲಿ ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿ ಏರುವುದಿಲ್ಲ. ಪಾತ್ರೆಯಲ್ಲಿ ಕಾಳು ಊರಿನಷ್ಟೇ ಹೊತ್ತು ಕುದಿಸಿದರೆ ನಡುವೆ ಗಟ್ಟಿ. ಪ್ರೆಶರ್ ಕುಕ್ಕರ್ ಇಲ್ಲದೆ ನಮ್ಮ ಅಡುಗೆ ನಡೆಯದು. ಕುಕ್ಕರ್ ಅಲ್ಲೂ ಮನೆಮನೆಯಲ್ಲಿದೆ, ಆದರೆ ಅವು ಹಂಡೆಯಂಥ ದೊಡ್ಡವು. ಇಬ್ಬರಿಗೆ ಬೇಕಾದ ಮೂರು ಲೀಟರಿನದ್ದನ್ನು ನಾನು ಊರಿಂದಲೇ ಒಯ್ದೆ. ಕುಕ್ಕರನ್ನು ಬಾಂಬ್ ಮಾಡಲು ಬಳಸುತ್ತಿದ್ದ ದೇಶ ಅದು. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ಹುಡುಗ ಬ್ಯಾಗ್ ಪಕ್ಕಕ್ಕೆಳೆದ. ಮುಚ್ಚಳ ತೆಗೆಸಿದರು. ಒಳಗೆ ಜಾಗ ಯಾಕೆ ಹಾಳು ಮಾಡಬೇಕು ಅಂತ ಅಮ್ಮ ರಾಗಿ ಹಿಟ್ಟಿನ ಪೊಟ್ಟಣ ತುರುಕಿದ್ದರು. ಕಂದು ಬಣ್ಣದ ಪುಡಿ, ಕುಕ್ಕರಿನೊಳಗೆ! ಮೇಲಧಿಕಾರಿ ಬಂದರು, ಚಿಟಿಕೆ ತೆಗೆದು ಮೂಸಿದರು, ನಾಲಿಗೆಗೆ ಇಟ್ಟರು, "ಹಿಂದೂಸ್ತಾನಿ?" ಅಂದರು, ನಕ್ಕು ಬಿಟ್ಟರು. ಆ ನಗು ಅಲ್ಲಿ ನಮಗೆ ಬಹಳ ಕಡೆ ಸಿಗುತ್ತಿತ್ತು. ದರಿ ಭಾಷೆಗೆ ಡಬ್ ಆದ ಹಿಂದಿ ಧಾರಾವಾಹಿಗಳ ಕೃಪೆಯೂ ಅದರಲ್ಲಿ ಇದ್ದಿರಬೇಕು.

ಬಸ್ಸಾರು ಮಾಡುವುದಕ್ಕೆ ಕಾಬೂಲಿನಲ್ಲಿ ಏನೂ ಕೊರತೆ ಇಲ್ಲ. ಹೆಸರುಕಾಳಿಗೆ ಅಲ್ಲಿ ಮಾಶ್ ಅನ್ನುತ್ತಾರೆ, ಮೂಟೆಗಟ್ಟಲೆ ಸಿಗುತ್ತದೆ. ಸೊಪ್ಪಿಗೆ ಪಾಲಕ್, ಜೊತೆಗೆ ಗಂದನಾ. ಗಂದನಾ ಅಂದರೆ ಉದ್ದುದ್ದ ಚಪ್ಪಟೆ ಎಲೆ, ಈರುಳ್ಳಿ ಹೂವಿಗೂ ಬೆಳ್ಳುಳ್ಳಿಗೂ ನಡುವಿನ ಘಾಟು. ಅಲ್ಲಿನವರು ಅದನ್ನು ಹಿಟ್ಟಿನೊಳಗೆ ತುಂಬಿ ಬೋಲಾನಿ ಬೇಯಿಸುತ್ತಾರೆ. ನಾವು ಅದನ್ನು ಕಾಳಿನ ಜೊತೆ ಬೇಯಿಸಿ ಬಸಿದು, ಬಸಿದ ನೀರಿಗೆ ಹುರಿದ ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ರುಬ್ಬಿ ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಹುಣಸೆಹಣ್ಣು, ತೊಗರಿಬೇಳೆ, ಸಾರಿನಪುಡಿ ಊರಿಂದ. ಫೋರ್‌ಮನ್ ಜೋಳದ ಹಿಟ್ಟು ತಂದಿದ್ದರು. ಒಂದು ವಾರ ಮುದ್ದೆ, ಒಂದು ವಾರ ರೊಟ್ಟಿ ಅಂತ ಪಾಳಿ. ರೊಟ್ಟಿ ಬಡಿಯುವ ಸದ್ದಿಗೆ ಕಾವಲು ಗೋಪುರದ ಗಾರ್ಡು ಮೊದಲ ಸಲ ತಿರುಗಿ ನೋಡಿದ್ದ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಂಡ ನಮ್ಮ ಡ್ರೈವರ್ ಕಾಕಾ, ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟು, "ಇಂಜಿನಿಯರ್ ಸಾಹಿಬ್, ನೀರು ಕುಡಿಯಿರಿ, ನೀರು ಕುಡಿಯಿರಿ" ಅಂದರು.

ಇಂಗಿನ ಕತೆ ಹೇಳಲೇಬೇಕು. ನಮ್ಮ ಡಬ್ಬಿ ಖಾಲಿಯಾಗಿತ್ತು. ಕಾಕಾ ಹೆರಾತ್ ಕಡೆಯವರ ಹತ್ತಿರ ಹೇಳಿ ಒಂದು ಉಂಡೆ ತರಿಸಿಕೊಟ್ಟರು. ಕೆಂಪು-ಕಂದು, ಅಂಟು ಅಂಟು, ನಡುವೆ ಬೆಳ್ಳಗಿನ ಗೆರೆ. ಒಂದರೊಳಗೊಂದು ಮೂರು ಪ್ಲಾಸ್ಟಿಕ್ ಚೀಲ ಸುತ್ತಿದ್ದರೂ ಕಾರಿನ ಡಿಕ್ಕಿಯಿಂದ ವಾಸನೆ ಸೀಟಿಗೆ ಬಂದಿತ್ತು. ನಾವು ಅಂಗಡಿಯಲ್ಲಿ ಕೊಳ್ಳುವ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ. ಇದು ಗಿಡದ ಬೇರು ಕೊಯ್ದಾಗ ಒಸರಿ ಗಟ್ಟಿಯಾದ ಹಾಲೇ. ಅರ್ಧ ಸಾಸಿವೆಯಷ್ಟು ಗಾತ್ರ ಬಿಸಿ ಎಣ್ಣೆಗೆ ಬಿದ್ದರೆ ಸಾಕು, ಅದು ಉಬ್ಬಿ ನೊರೆಯಾಗಿ, ಸಾರಿನ ಘಮ ಎರಡನೇ ಅಂತಸ್ತಿನ ಬಿಹಾರದ ಹುಡುಗರನ್ನು ಕೆಳಗಿಳಿಸುತ್ತಿತ್ತು. ಇಡೀ ಹಿಂದೂಸ್ತಾನ ಇದನ್ನು ತಿನ್ನುತ್ತದೆ ಅಂದರೆ ಕಾಕಾಗೆ ನಂಬಿಕೆ ಬರಲಿಲ್ಲ. ಅವರ ಮನೆ ಅಡುಗೆಯಲ್ಲಿ ಇಂಗು ಇಲ್ಲವೇ ಇಲ್ಲ. (ಭಾರತದಲ್ಲಿ ಇಂಗಿನ ಗಿಡ ಬೆಳೆಸುವ ಪ್ರಯತ್ನಕ್ಕೆ ಹಿಮಾಚಲದ ಲಾಹೌಲ್‌ನಲ್ಲಿ ಸಸಿ ನೆಟ್ಟದ್ದು 2020ರಲ್ಲಿ. ಅಲ್ಲಿಯವರೆಗೆ ನಮ್ಮ ಒಗ್ಗರಣೆಯೆಲ್ಲ ಆ ದೇಶದ, ಅದರ ಅಕ್ಕಪಕ್ಕದ ದೇಶಗಳ ಗುಡ್ಡಗಳ ಋಣ.)

ಅಡುಗೆಗೆ ಎರಡೂವರೆ ಗಂಟೆ ಹಿಡಿಯುವ ಹಾಗೆ ಬೇಕೆಂದೇ ಮಾಡುತ್ತಿದ್ದೆವು. ಮಿಕ್ಸಿ ಇತ್ತು, ಆದರೂ ಫೋರ್‌ಮನ್ ಒರಳಿನಂಥ ಒಂದು ಕಲ್ಲು ಸಂಪಾದಿಸಿ ಅದರಲ್ಲೇ ಅರೆಯುವವರು. ಬೇಗ ಮುಗಿಸಿ ಏನು ಮಾಡಬೇಕಿತ್ತು?

ಅಮ್ಮನಿಗೆ ಫೋನ್ ಮಾಡುವುದು ಅಡುಗೆಗೆ ಮುಂಚೆ, ನಮ್ಮ ಎಂಟು ಗಂಟೆಗೆ; ಊರಿನಲ್ಲಿ ಒಂಬತ್ತು. ವೇಳೆ ಇಷ್ಟು ಬಿಗಿಯಾಗಿ ಇಟ್ಟುಕೊಂಡದ್ದಕ್ಕೆ ಕಾರಣ ಟಿವಿ. ಕಾಬೂಲಿನಲ್ಲಿ ಎಲ್ಲೇ ಏನೇ ಸಿಡಿದರೂ ಕೆಳಗೆ ಓಡುವ ಪಟ್ಟಿಯಲ್ಲಿ "ಕಾಬೂಲ್‌ನಲ್ಲಿ ಭಾರೀ ಸ್ಫೋಟ" ಅಂತಷ್ಟೇ ಬರುತ್ತದೆ. ಊರು ಎಷ್ಟು ದೊಡ್ಡದು, ಯಾವ ಮೂಲೆ ಅಂತ ತಿಪಟೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಶುಕ್ರವಾರದ ಫೋನಲ್ಲದೆ ಇನ್ನೊಂದು ಕರಾರು ಇತ್ತು. ಏನಾದರೂ ಸದ್ದು ಕೇಳಿಸಿದರೆ, ನಮಗೆ ಏನೂ ಆಗಿಲ್ಲ ಅಂತ ಖಾತ್ರಿಯಾದ ಕೂಡಲೇ ತಂಗಿಗೆ "ಊಟ ಆಯ್ತು" ಅಂತ ಮೆಸೇಜ್. ಮಧ್ಯರಾತ್ರಿಯಾದರೂ ಅದೇ ಒಕ್ಕಣೆ. ಅಮ್ಮ ಕೇಳಿದರೆ ತಂಗಿ "ಈಗ ತಾನೇ ಊಟ ಆಯ್ತಂತೆ" ಅನ್ನುವಳು, ಅದು ಸುಳ್ಳೂ ಆಗುತ್ತಿರಲಿಲ್ಲ. ಫೋನಿನಲ್ಲಿ ಅಮ್ಮ ಕೇಳುತ್ತಿದ್ದದ್ದು, "ಏನಪ್ಪಾ, ಚಳಿ ಜಾಸ್ತಿನಾ? ಸಾರಿನಪುಡಿ ಎಷ್ಟಿದೆ?" ನಾನು ಹೇಳುತ್ತಿದ್ದದ್ದು ದ್ರಾಕ್ಷಿ ರೇಟು, ಹಿಮ ಎಷ್ಟು ಬಿತ್ತು, ತೋಟಕ್ಕೆ ನೀರು ಬಿಟ್ಟರಾ. ಕೆಲವರು ಮನೆಗೆ ಎಲ್ಲವನ್ನೂ ಹೇಳಬೇಕು ಅನ್ನುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ ಕೂತು ಏನೂ ಮಾಡಲಾಗದವರ ತಲೆಗೆ ಅದನ್ನು ಹೊರಿಸುವುದು ನನಗೆ ಒಪ್ಪಿಗೆ ಇಲ್ಲ. ಹೆಂಡತಿಗೆ ಹೇಳುತ್ತಿದ್ದೆ. ಅವಳು ಪ್ರಶ್ನೆ ಕೇಳುತ್ತಿದ್ದಳು, ಅಳುತ್ತಿರಲಿಲ್ಲ.

ಹೊರಗೆ ಹೋಗುವುದು ವಿರಳ. ಹೋದಾಗಲೂ ಅದಕ್ಕೊಂದು ಕ್ರಮ ಇತ್ತು. ಯಾರು, ಎಲ್ಲಿಗೆ, ಯಾವ ಗಾಡಿ, ಎಷ್ಟಕ್ಕೆ ವಾಪಸ್ ಅಂತ ಸೆಕ್ಯುರಿಟಿಯವರ ಪುಸ್ತಕದಲ್ಲಿ ಬರೆದು ಹೋಗಬೇಕು. ಎಲ್ಲಿಗೆ ಅನ್ನುವುದನ್ನು ಡ್ರೈವರಿಗೂ ಗಾಡಿ ಹತ್ತಿದ ಮೇಲೇ ಹೇಳುವುದು. ದೊಡ್ಡ ಲ್ಯಾಂಡ್‌ಕ್ರೂಸರ್ ಬೇಡ. ಊರಿನ ರಸ್ತೆಯಲ್ಲಿ ಹತ್ತಕ್ಕೆ ಏಳೆಂಟು ಓಡಾಡುವುದು ಹಳೇ ಟೊಯೋಟಾ ಕರೋಲಾ, ನಮ್ಮದೂ ಅದೇ. ಹೊರಗೆ ಧೂಳು ಹಾಗೇ ಇರಲಿ, ತೊಳೆಯಬೇಡಿ ಅಂತ ಕಾಕಾಗೆ ಹೇಳಿತ್ತು. ಅವರಿಗೆ ಅದು ಬಹಳ ಸಂಕಟದ ವಿಷಯ. ಕಾರು ತೊಳೆಯುವುದು ಅವರ ಶುಕ್ರವಾರದ ಸುಖ. ಸೈನ್ಯದ ಗಾಡಿಸಾಲು ಕಂಡರೆ ಪಕ್ಕಕ್ಕೆ ನಿಂತು ದೂರ ಬಿಡುವುದು, ನಿಲ್ಲಿಸುವಾಗ ಮೂತಿ ರಸ್ತೆ ಕಡೆಗೆ ಇರಿಸುವುದು, ಫೋನಿನಲ್ಲಿ ಇಂಗ್ಲಿಷ್ ಮಾತಾಡದಿರುವುದು. ಕಾಕಾ ಯುದ್ಧದ ವರ್ಷಗಳಲ್ಲಿ ಪೇಶಾವರದಲ್ಲಿ ನಿರಾಶ್ರಿತರಾಗಿದ್ದವರು, ಉರ್ದು ಸೊಗಸಾಗಿ ಆಡುತ್ತಿದ್ದರು. ನಮ್ಮ ಹಿಂದಿಯೇ ಅಲ್ಲಿ ತಡವರಿಸುವುದು.

ಬಾಬರನ ತೋಟಕ್ಕೆ ಹೋದ ಒಂದು ಶುಕ್ರವಾರ ಏಪ್ರಿಲ್ ತಿಂಗಳಲ್ಲಿ. ಶೇರ್ ದರ್ವಾಜಾ ಗುಡ್ಡದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ತೋಟ ಅದು. ಸುತ್ತ ಎತ್ತರದ ಮಣ್ಣಿನ ಗೋಡೆ, ನಡುವೆ ನೀರಿನ ಕಾಲುವೆ ಹಂತದಿಂದ ಹಂತಕ್ಕೆ ಧುಮುಕುತ್ತದೆ. 1530ರಲ್ಲಿ ಆಗ್ರಾದಲ್ಲಿ ಸತ್ತ ಬಾಬರನನ್ನು ಆಮೇಲೆ ಇಲ್ಲಿಗೆ ತಂದು ಹೂತರು. ಮೊಮ್ಮಗನ ಮೊಮ್ಮಗ ಷಾಜಹಾನ್ ಕಟ್ಟಿಸಿದ ಬಿಳಿ ಅಮೃತಶಿಲೆಯ ಪುಟ್ಟ ಮಸೀದಿ ಪಕ್ಕದಲ್ಲೇ ಇದೆ. ತೊಂಬತ್ತರ ದಶಕದ ಅಂತರ್ಯುದ್ಧದಲ್ಲಿ ಮರಗಳೆಲ್ಲ ಹೋಗಿ ತೋಟ ಬಯಲಾಗಿತ್ತಂತೆ. ಆಗಾ ಖಾನ್ ಟ್ರಸ್ಟಿನವರು ಗೋಡೆ ಎಬ್ಬಿಸಿ ಸಾವಿರಾರು ಸಸಿ ನೆಟ್ಟು ಮತ್ತೆ ತೋಟ ಮಾಡಿದರು. ನಾವು ಹೋದದ್ದು ಬೆಳಗ್ಗೆ ಬೇಗ, ಜನ ಸೇರುವ ಮುಂಚೆ. ಆಗಲೇ ನಾಲ್ಕಾರು ಸಂಸಾರ ಬಂದು ರತ್ನಗಂಬಳಿ ಹಾಸಿ, ಗ್ಯಾಸ್ ಸಿಲಿಂಡರಿನ ಮೇಲೆ ಚಹಾ ಇಟ್ಟಿದ್ದರು. ಅರ್ಘವಾನ್ ಹೂ ಬಿಟ್ಟಿತ್ತು. ಎಲೆ ಬರುವ ಮುಂಚೆ ಬರೀ ರೆಂಬೆಗೆ ಅಂಟಿಕೊಂಡು ಅರಳುವ ನೇರಳೆಗೆಂಪು. ಒಬ್ಬ ಹಿರಿಯರು ಕಾಕಾನ ಜೊತೆ ಎರಡು ಮಾತಾಡಿ, ನಮ್ಮ ಕೈಗೆ ಹಸಿರು ಚಹಾ, ಸಕ್ಕರೆ ಸವರಿದ ಬಾದಾಮಿ ಕೊಟ್ಟರು. ಮಕ್ಕಳು ಬಂದು ಅಮಿತಾಭ್ ಬಚ್ಚನ್ ಮನೆ ನಿಮ್ಮ ಮನೆ ಪಕ್ಕನಾ ಅಂತ ಕೇಳಿದವು. ಇಲ್ಲ ಅಂದರೆ ಬೇಜಾರಾದಾವು ಅಂತ ಫೋರ್‌ಮನ್, "ನಾಲ್ಕು ಮನೆ ಆಚೆ" ಅಂದುಬಿಟ್ಟರು.

ಅಲ್ಲಿ ನಾವು ಇದ್ದದ್ದು ಒಂದು ಗಂಟೆ. ಇನ್ನೊಂದು ಲೋಟ ಚಹಾ ಸುರಿಯುವಾಗ ಕಾಕಾ ಗಡಿಯಾರ ನೋಡಿದರು, ನಾವು ಎದ್ದೆವು. ಬೇರೆ ದಾರಿಯಲ್ಲಿ ವಾಪಸ್. ಮುಂದಿನ ವಾರವೂ ಹೋಗೋಣ ಅಂತ ಇಬ್ಬರಿಗೂ ಆಸೆ, ಹೋಗಲಿಲ್ಲ. ಆ ತೋಟಕ್ಕೆ ಎರಡನೇ ಸಲ ಕಾಲಿಟ್ಟದ್ದು ಆ ವರ್ಷ ದ್ರಾಕ್ಷಿ ಬರುವ ಹೊತ್ತಿಗೆ.

ಹೊರಗೆ ಹೋಗಲಾಗದ ಶುಕ್ರವಾರಗಳಿಗೆ ತಾರಸಿ ಇತ್ತು. ಮರಳಿನ ಚೀಲ ಪೇರಿಸಿದ ಮೂಲೆಯಲ್ಲಿ ಕೂತರೆ ಬೀದಿಯವರಿಗೆ ಕಾಣುವುದಿಲ್ಲ, ನಮಗೆ ಆಕಾಶ ಪೂರ್ತಿ. ಊರ ಮೇಲೆ ಒಂದು ಬಿಳಿ ಬಲೂನು ಸದಾ ಕಟ್ಟಿ ನಿಲ್ಲಿಸಿರುತ್ತಿತ್ತು, ಅಮೆರಿಕನ್ನರ ಕಣ್ಗಾವಲು. ಅದರ ಕೆಳಗೆ ಮಕ್ಕಳ ಗಾಳಿಪಟ. ಶಾಲೆಗಳಿಗೆ ಚಳಿಗಾಲವೇ ದೊಡ್ಡ ರಜೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಮಧ್ಯಾಹ್ನವಾದರೆ ಸುತ್ತಲಿನ ತಾರಸಿಗಳ ತುಂಬ ಹುಡುಗರು. ತಾಲಿಬಾನಿನ ಮೊದಲ ಆಳ್ವಿಕೆಯಲ್ಲಿ ನಿಷೇಧವಾಗಿದ್ದ ಆಟ ಅದು. ದಾರಕ್ಕೆ ಗಾಜಿನ ಪುಡಿ ಸವರಿರುತ್ತದೆ, ಒಬ್ಬ ಸುರುಳಿ ಹಿಡಿದರೆ ಇನ್ನೊಬ್ಬ ಕಾದಾಡುತ್ತಾನೆ. ಕಡಿದ ಪಟ ತೇಲುತ್ತಾ ಬಂದು ನಮ್ಮ ಮುಳ್ಳುತಂತಿಗೆ ಸಿಕ್ಕಿಕೊಳ್ಳುವುದು ಮಾಮೂಲು. ಐದು ನಿಮಿಷದಲ್ಲಿ ಗೇಟಿನಾಚೆ ಹುಡುಗರ ಗಲಾಟೆ. ಗಾರ್ಡು ಗೇಟು ತೆರೆಯುವ ಹಾಗಿಲ್ಲ. ಕೊನೆಗೆ ನಾವೊಂದು ಉಪಾಯ ಮಾಡಿದೆವು: ಸೈಟಿನಲ್ಲಿ ಲೈನ್ ಡಿಸ್ಚಾರ್ಜ್ ಮಾಡಲು ಬಳಸುವ ಫೈಬರ್ ಕೋಲಿನ ತುದಿಗೆ ಕೊಕ್ಕೆ ಕಟ್ಟಿ, ಪಟ ಹರಿಯದ ಹಾಗೆ ಬಿಡಿಸಿ, ಗೋಡೆಯಾಚೆ ಜಾರಿಬಿಡುವುದು. ಆಚೆಯಿಂದ "ಹಿಂದೂಸ್ತಾನಿ ಜಿಂದಾಬಾದ್" ಅಂತ ಕೂಗು. ಗಾರ್ಡಿಗೆ ಅದೇ ತಲೆನೋವು, ಇಲ್ಲಿ ಹಿಂದೂಸ್ತಾನಿಗಳಿದ್ದಾರೆ ಅಂತ ಬೀದಿಗೆಲ್ಲ ಸಾರಿದ ಹಾಗಾಯಿತು ಅಂತ. ಬೀದಿಗೆ ಅದು ಎಂದೋ ಗೊತ್ತಿತ್ತು. ವಾರಕ್ಕೊಮ್ಮೆ ಒಗ್ಗರಣೆ ವಾಸನೆ ಹೋಗುತ್ತಿತ್ತಲ್ಲ.

2014ರ ಜನವರಿ 17, ಶುಕ್ರವಾರ. ಸಂಜೆ ಊಟಕ್ಕೆ ಇನ್ನೂ ಹೊತ್ತಿತ್ತು. ದೂರದಲ್ಲಿ ಒಂದು ಸದ್ದು, ಕಿಟಕಿ ಚೌಕಟ್ಟು ಅದುರಿತು, ಆಮೇಲೆ ಬಂದೂಕಿನ ಸದ್ದು ಬಿಟ್ಟುಬಿಟ್ಟು. ಹೂಟರ್ ಆಯಿತು, ನೆಲಮಾಳಿಗೆಗೆ ಇಳಿದೆವು. ರೇಡಿಯೋದಲ್ಲಿ "ವೈಟ್ ಸಿಟಿ" ಅಂತ ಬಂತು. ಅಂದರೆ ಯಾರೂ ಎಲ್ಲೂ ಕದಲಕೂಡದು. ತಂಗಿಗೆ "ಊಟ ಆಯ್ತು" ಕಳಿಸಿದೆ. ವಜೀರ್ ಅಕ್ಬರ್ ಖಾನ್‌ನ ಲೆಬನಾನಿ ಹೋಟೆಲೊಂದರಲ್ಲಿ ಊಟಕ್ಕೆ ಕೂತವರ ಮೇಲೆ ದಾಳಿ ಅಂತ ರಾತ್ರಿ ತಿಳಿಯಿತು; ಸತ್ತವರು 21 ಜನ, ಅದರಲ್ಲಿ 13 ಮಂದಿ ವಿದೇಶಿಯರು. ಬರೀ ಊಟಕ್ಕೆ ಹೋದವರು. ಸೇಫ್ ರೂಮಿನಲ್ಲಿ ಎರಡು ಬೆಂಚು, ನೀರಿನ ಕ್ಯಾನು, ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಹಿಂದೆ ಹೀಗೇ ಕೂತಾಗ ಕಂಡಿದ್ದ ಒಂದು ಸಂಗತಿಗೆ ನಾನು ಮುಂಚೆಯೇ ಅಣಿಯಾಗಿದ್ದೆ: ಕೈಗೆ ಕೆಲಸ ಇಲ್ಲದಿದ್ದರೆ ಎಲ್ಲರೂ ಫೋನ್ ನೋಡುತ್ತಾರೆ, ಫೋನ್ ನೋಡಿದಷ್ಟೂ ಒಬ್ಬರ ಗಾಬರಿ ಇನ್ನೊಬ್ಬರಿಗೆ ಹತ್ತುತ್ತದೆ. ಹಾಗಾಗಿ ಅಲ್ಲೊಂದು ಚೌಕಾಬಾರ ಮನೆ ಸೀಮೆಸುಣ್ಣದಲ್ಲಿ ಬರೆದಿಟ್ಟು, ಕವಡೆ ಬದಲಿಗೆ ಪಿಸ್ತಾ ಸಿಪ್ಪೆ ಇಟ್ಟಿದ್ದೆವು. ಸಿಪ್ಪೆ ಮಗುಚಿ ಬಿದ್ದರೆ ಒಂದು ಲೆಕ್ಕ, ಅಂಗಾತ ಬಿದ್ದರೆ ಇನ್ನೊಂದು. ನೇಪಾಳದ ಆಫೀಸರ್ ಬಾಗಿಲ ಬಳಿ ರೇಡಿಯೋ ಹಿಡಿದು ನಿಂತೇ ಆಟ ನೋಡುತ್ತಿದ್ದವರು, ನಡುವೆ ಒಮ್ಮೆ ಬಿಹಾರದ ಹುಡುಗನಿಗೆ "ಆ ಕಾಯಿ ನಡೆಸು" ಅಂತ ಹೇಳಿಕೊಟ್ಟರು.

ಆ ವಾರದ ನಂತರ ನಮ್ಮವರಲ್ಲಿ ಮೂವರು ಊರಿಗೆ ಹೊರಟರು. ಅವರನ್ನು ಯಾರೂ ಆಡಿಕೊಳ್ಳಲಿಲ್ಲ, ಆಡಿಕೊಳ್ಳಲೂಬಾರದು. ಮಾರ್ಚಿನಲ್ಲಿ, ಅಲ್ಲಿನ ಹೊಸವರ್ಷದ ನೌರೋಜ್ ಹಬ್ಬದ ಹಿಂದಿನ ದಿನ ಗುರುವಾರ ರಾತ್ರಿ, ಬಿಗಿ ಕಾವಲಿನ ದೊಡ್ಡ ಹೋಟೆಲಿನಲ್ಲೇ ಊಟದ ಹೊತ್ತಿಗೆ ಗುಂಡು ಹಾರಿದ ಮೇಲೆ ಹೊರಗಿನ ಓಡಾಟ ಪೂರ್ತಿ ನಿಂತಿತು. ಉಳಿದ ತಿಂಗಳುಗಳಲ್ಲಿ ನನ್ನ ಶುಕ್ರವಾರ ಅಂದರೆ ಬುಖಾರಿ ಅಥವಾ ನಡಿಗೆ, ಫೋನು, ಅಡುಗೆ, ಮಧ್ಯಾಹ್ನ ಒಂದು ಗಂಟೆ ದರಿ ಅಕ್ಷರ ತಿದ್ದುವುದು, ತಾರಸಿ. ಅಕ್ಷರ ಕಲಿಸಿದ್ದು ಗಾರ್ಡುಗಳಲ್ಲಿ ಓದು ಬಲ್ಲವನೊಬ್ಬ; ಬದಲಿಗೆ ಅವನ ತಮ್ಮನಿಗೆ ನಾನು ಓಮ್ಸ್ ನಿಯಮದ ಲೆಕ್ಕ ಹೇಳಿಕೊಟ್ಟೆ. ಊಟ ಮುಗಿದು ಸಂಜೆ ಆಗುವವರೆಗಿನ ಪಾಳು ಹೊತ್ತನ್ನು ಹೀಗೆ ಬೇರೆಯವರಿಗೆ ಬರೆದುಕೊಟ್ಟದ್ದರಿಂದ ಒಂದು ಅನುಕೂಲ ಆಯಿತು: ನನಗೆ ಮನಸ್ಸಿಲ್ಲದ ದಿನವೂ ಅವರು ಬಂದು ಬಾಗಿಲು ಬಡಿಯುತ್ತಿದ್ದರು.

ಇಸ್ಪೀಟಿಗೆ ದುಡ್ಡು ಕಟ್ಟುವ ಗುಂಪು, ಗುಟ್ಟಾಗಿ ಬಾಟಲಿ ತರಿಸುವ ಗುಂಪು ಎಲ್ಲ ಕ್ಯಾಂಪಿನಲ್ಲೂ ಇರುತ್ತವೆ. ಅವರ ಬಗ್ಗೆ ಇಷ್ಟೇ ಹೇಳುತ್ತೇನೆ, ಹೂಟರ್ ಆದಾಗ ಮೆಟ್ಟಿಲಿಳಿಯಲು ಕಾಲು ನೆಟ್ಟಗಿರಬೇಕು.

ಹೊರಡುವವರಿಗೆ ಸಾಮಾನಿನ ವಿಷಯ. ತಲೆಗೆ ಕಟ್ಟುವ ಟಾರ್ಚು, ವಾರಕ್ಕಾಗುವಷ್ಟು ಮಾತ್ರೆ, ಸಣ್ಣ ನೋಟಿನ ಡಾಲರು, ಪಾಸ್‌ಪೋರ್ಟ್ ಒಂದು ಕೈಚೀಲದಲ್ಲಿ ಹಾಸಿಗೆ ಪಕ್ಕ ಸದಾ ಇರಲಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಯುದ್ಧಕ್ಕೆ ಸಂಬಂಧಪಟ್ಟ ಸಾವಿಗೆ ಪರಿಹಾರ ಇದೆಯಾ ಇಲ್ಲವಾ ಅಂತ ಸಹಿಗೆ ಮುಂಚೆ ಓದಿ. ಎಷ್ಟೋ ಪಾಲಿಸಿಯಲ್ಲಿ ಇರುವುದಿಲ್ಲ. ಇಂಡಕ್ಷನ್ ಒಲೆ ನಂಬಬೇಡಿ, ವೋಲ್ಟೇಜ್ ನಿಲ್ಲುವುದಿಲ್ಲ. ಇದನ್ನು ಕರೆಂಟಿನವನಾಗಿಯೇ ಹೇಳುತ್ತಿದ್ದೇನೆ. ಗ್ಯಾಸ್ ಅಲ್ಲೇ ಸಿಗುತ್ತದೆ. ಕಾಳು ಹಿಂದಿನ ರಾತ್ರಿಯೇ ನೆನೆಹಾಕಿ. ಕುಕ್ಕರಿನ ಜೊತೆಗೆ ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಒಣ ಹವೆಗೆ ಬೇಗ ಬಿರಿಯುತ್ತವೆ, ನಮ್ಮ ಅಳತೆಯದು ಅಲ್ಲಿನ ಅಂಗಡಿಗಳಲ್ಲಿ ಇಲ್ಲ.